ಗ್ವಾಡಿ ಬಣ್ಣ ಕೆಟ್ಟೈತ್ರೀ, ಏನ್ ಮಾಡೂದು?

ಸುಣ್ಣ-ಬಣ್ಣದ ಕೆಲಸ ನಮ್ಮ ಕಡೆ ವರ್ಷಕ್ಕೆ ಎರಡು ಸಲ ಜೋರು: ಯುಗಾದಿ ಮುಂದೆ ಒಮ್ಮೆ, ದಸರಾ-ದೀಪಾವಳಿ ಮುಂದೆ ಒಮ್ಮೆ. ಮೊದಲನೆಯದರಲ್ಲಿ ಗೋಡೆ ಕಾದಿರುತ್ತದೆ, ಎರಡನೆಯದರಲ್ಲಿ ನೆನೆದಿರುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ. ಬಹಳ ಮಂದಿ ಕೇಳಿರುವುದು, ಮೇಲೊಂದು ಕೋಟ್ ಹೊಡೆದರೆ ಮುಚ್ಚೀತೇ ಎಂದು. ಒಂದೆರಡು ಕಡೆ ಮುಚ್ಚುತ್ತದೆ. ಉಳಿದ ಕಡೆ ಆ ಕೋಟಿನ ದುಡ್ಡೂ ಹೋಗುತ್ತದೆ.

ಪ್ರಶ್ನೆ: ಹಾಲಿನ ಗ್ವಾಡಿಗೆ ನಾವ ರೋಲರ್ ಹಿಡದು ಎಮಲ್ಷನ್ ಹಚ್ಚಿದ್ವಿ. ಒಣಗಿದ ಮ್ಯಾಲೆ ಅಡ್ಡಾದಿಡ್ಡಿ ಗೆರಿ, ಪಟ್ಟಿ ಪಟ್ಟಿ ಕಾಣಸ್ತಾವ. ಇನ್ನೊಂದು ಕೋಟ್ ಹೊಡದ್ರ ಹೋಗ್ತಾವೇನ್ರಿ?
ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಹೋಗುತ್ತವೆ, ಆದರೆ ಅದರ ಮೇಲೆಯೇ ಹೊಡೆದರೆ ಹೋಗುವುದಿಲ್ಲ. ಮೊದಲು ಗೆರೆ ಎಂಥದ್ದು ನೋಡಿಕೊಳ್ಳಿ. ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ತಾಗಿಸಿ ಅಡ್ಡ ಬೆಳಕು ಬಿಡಿ. ಬೆರಳಾಡಿಸಿದರೆ ಕೈಗೆ ಹತ್ತುವ ಉಬ್ಬು ಗೆರೆ ರೋಲರಿನ ಅಂಚಿನಿಂದ ಬಿದ್ದದ್ದು. ರೋಲರಿನಲ್ಲಿ ಬಣ್ಣ ತೀರಿದ ಮೇಲೂ ಒತ್ತಿ ಒತ್ತಿ ಎಳೆದರೆ ಎರಡೂ ಅಂಚಿನಿಂದ ಬಣ್ಣ ಹಿಂಡಿಕೊಂಡು ಹೀಗೆ ಗೆರೆಯಾಗುತ್ತದೆ. ಕೈಗೆ ಹತ್ತದೆ ಬರೀ ಕಣ್ಣಿಗೆ ಕಾಣುವ ಪಟ್ಟಿಯಾದರೆ ಅದು ಜಾಯಿಂಟ್. ಅಲ್ಲಿ ಆಗಲೇ ಒಣಗಿದ ಅಂಚಿನ ಮೇಲೆ ಹಸಿ ಬಣ್ಣ ಹತ್ತಿ ಎರಡು ಪದರ ಕೂಡಿದೆ. ಗೋಡೆ ನಡುವೆ ಚಹಾಕ್ಕೆ ಎದ್ದುಹೋದರೆ ಸಾಕು, ಬೇಸಿಗೆಯಲ್ಲಿ ಆ ಅಂಚು ಹತ್ತು ನಿಮಿಷದೊಳಗೆ ಬಿಗಿಯುತ್ತದೆ. ಫ್ಯಾನ್ ಹಾಕಿದ್ದರೆ ಇನ್ನೂ ಬೇಗ.

ಉಬ್ಬು ಗೆರೆ ಇದ್ದರೆ ಬಣ್ಣ ಪೂರ್ತಿ ಗಟ್ಟಿಯಾಗಲು ಎರಡು ದಿನ ಬಿಡಿ. ಇಲ್ಲದಿದ್ದರೆ ಎಮರಿ ಪೇಪರಿಗೆ ಬಣ್ಣ ಮೆತ್ತಿ ಉಂಡೆಯಾಗಿ ಕಿತ್ತು ಬರುತ್ತದೆ. ಆಮೇಲೆ 220 ನಂಬರಿನ ಎಮರಿ ಪೇಪರನ್ನು ಚಪ್ಪಟೆ ಕಟ್ಟಿಗೆ ತುಂಡಿಗೆ ಸುತ್ತಿ ಗೆರೆಗಳನ್ನು ಸಮ ಮಾಡಿ. ಬರೀ ಬೆರಳಲ್ಲಿ ತಿಕ್ಕಿದರೆ ಗೆರೆಯ ಪಕ್ಕ ತಗ್ಗು ಬೀಳುತ್ತದೆ. ಧೂಳನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಆರಲು ಒಂದು ತಾಸು ಕೊಡಿ. ತಿಕ್ಕುವಾಗ ಒಳಗಿನ ಬಿಳಿ ಪುಟ್ಟಿ ಕಂಡ ಜಾಗಕ್ಕೆಲ್ಲ ಪ್ರೈಮರ್ ಹಚ್ಚಲೇಬೇಕು.

ಕೊನೆಯ ಕೋಟನ್ನು ಇಡೀ ಗೋಡೆಗೆ ಮೂಲೆಯಿಂದ ಮೂಲೆಗೆ ಒಂದೇ ಉಸಿರಿಗೆ ಹೊಡೆಯಿರಿ, ನಡುವೆ ನಿಲ್ಲುವಂತಿಲ್ಲ. ಇಬ್ಬರಿದ್ದರೆ ಸುಲಭ: ಒಬ್ಬರು 2 ಇಂಚಿನ ಬ್ರಶ್‌ನಿಂದ ಮೇಲಂಚು, ಮೂಲೆ, ಸ್ವಿಚ್ ಬೋರ್ಡಿನ ಸುತ್ತ ಹಚ್ಚುತ್ತ ಹೋಗಲಿ. ಅದು ಒಣಗುವ ಮೊದಲೇ ಇನ್ನೊಬ್ಬರು ರೋಲರಿನಿಂದ ಎರಡು ಅಡಿ ಅಗಲದ ಪಟ್ಟಿಯನ್ನು ಮೇಲಿಂದ ಕೆಳಗೆ ಮುಗಿಸಲಿ. ಮುಂದಿನ ಪಟ್ಟಿ ಹಿಂದಿನದರ ಹಸಿ ಅಂಚನ್ನು ಎರಡು-ಮೂರು ಇಂಚು ಹತ್ತಿಕೊಂಡಿರಬೇಕು. ಪ್ರತಿ ಪಟ್ಟಿಯ ಕೊನೆಗೆ ರೋಲರನ್ನು ಒತ್ತದೆ, ಬರೀ ತಾಗಿಸಿ, ಒಂದೇ ದಿಕ್ಕಿನಲ್ಲಿ ಎಳೆದು ಬಿಡಿ. ಒಣಗತೊಡಗಿದ ಜಾಗಕ್ಕೆ ತಿರುಗಿ ಕೈ ಹಚ್ಚಬೇಡಿ. ಕಣ್ಣಿಗೆ ಕೊರತೆ ಕಂಡರೂ ಒಣಗುವ ತನಕ ತಡೆಯಿರಿ, ಹೆಚ್ಚಿನ ಕೊರತೆ ಒಣಗಿದಾಗ ತಾನೇ ಮಾಯವಾಗಿರುತ್ತದೆ. ಫ್ಯಾನ್ ಬಂದ್ ಇರಲಿ, ಬಿಸಿಲು ಬೀಳುವ ಕಿಟಕಿಗೆ ಪರದೆ ಬಿಡಿ, ಏಪ್ರಿಲ್-ಮೇನಲ್ಲಿ ಮುಂಜಾನೆ ಹತ್ತರೊಳಗೆ ಮುಗಿಸಿ. ನೀರನ್ನು ಡಬ್ಬಿಯ ಮೇಲೆ ಬರೆದಷ್ಟೇ, ಅಳತೆಯ ಮಗ್ಗಿನಲ್ಲಿ ಹಾಕಿ. ಕಣ್ಣಳತೆಯಲ್ಲಿ ಹಾಕಿದರೆ ಒಂದು ಬಕೆಟ್ ತೆಳು, ಇನ್ನೊಂದು ದಪ್ಪ ಆಗಿ ಅದೇ ಒಂದು ಪಟ್ಟಿಯಾಗುತ್ತದೆ.

12 ಅಡಿ ಉದ್ದ, 10 ಅಡಿ ಎತ್ತರದ ಗೋಡೆ 120 ಚದರ ಅಡಿ. ಒಂದು ಲೀಟರ್ ಎಮಲ್ಷನ್ ಎರಡು ಕೋಟಿಗೆ ಸುಮಾರು 100ರಿಂದ 140 ಚದರ ಅಡಿ ಬರುತ್ತದೆ. ನಿಮಗೆ ಬೇಕಿರುವುದು ಒಂದೇ ಕೋಟ್. ಆದರೂ ರೋಲರ್ ಕುಡಿಯುವುದು, ಬಕೆಟ್ಟಿಗೆ ಹತ್ತುವುದು ಎಲ್ಲ ಸೇರಿಸಿ ಒಂದು ಲೀಟರ್ ಇಟ್ಟುಕೊಳ್ಳಿ. ಗೋಡೆ ನಡುವೆ ಬಣ್ಣ ತೀರುವುದಕ್ಕಿಂತ ಉಳಿಯುವುದು ಮೇಲು.

ಪ್ರಶ್ನೆ: ದಸರಾಕ್ಕ ಪುಟ್ಟಿ, ಪ್ರೈಮರ್, ಎರಡು ಕೋಟ್ ಎಲ್ಲಾ ಮಾಡ್ಸೀವಿ. ಮೂರು ತಿಂಗಳಿಗೆ ಕೆಳಗಿನ ಎರಡಡಿ ಬಣ್ಣ ಬುರುಗ ಎದ್ದು ಉದರ್ತೈತಿ, ಬಿಳೆ ಪುಡಿ ಬರ್ತೈತಿ. ಪೇಂಟರ್ ಬಣ್ಣ ಸುಮಾರದ್ದು ಅಂತಾನ, ಅಂಗಡ್ಯಾವ್ರು ಪೇಂಟರ್ ಸರಿ ಇಲ್ಲ ಅಂತಾರ.
ಓದುಗರು, ಸಪ್ತಾಪುರ, ಧಾರವಾಡ

ಇಬ್ಬರದೂ ತಪ್ಪಲ್ಲದಿರಬಹುದು. ಬಿಳಿ ಪುಡಿ ಉಪ್ಪು. ಇಟ್ಟಿಗೆ, ಉಸುಕು, ಸಿಮೆಂಟು, ಕಟ್ಟುವಾಗ ಬಳಸಿದ ನೀರು, ಇವುಗಳಲ್ಲಿದ್ದ ಉಪ್ಪನ್ನು ತೇವ ಕರಗಿಸಿ ಗೋಡೆಯ ಮೈಗೆ ತರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಹರಳುಗಟ್ಟಿ ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ಧಾರವಾಡದಲ್ಲಿ ಜೂನಿನಿಂದ ಮೂರು-ನಾಲ್ಕು ತಿಂಗಳು ಮಳೆ ಕುಡಿದ ಗೋಡೆ ದಸರಾ ಹೊತ್ತಿಗೆ ಮೇಲೆ ಆರಿದಂತೆ ಕಂಡರೂ ಒಳಗೆ ಆರಿರುವುದಿಲ್ಲ. ಅದರ ಮೇಲೆ ಪುಟ್ಟಿ, ಎಮಲ್ಷನ್ ಬಿಗಿದರೆ ಒಳಗಿನ ನೀರಿಗೆ ಹೊರಬರುವ ಹಾದಿ ಬೇಕಲ್ಲ, ಬಣ್ಣವನ್ನೇ ಎತ್ತುತ್ತದೆ.

ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಕಲೆಯ ಆಕಾರವೇ ಬಹಳಮಟ್ಟಿಗೆ ಹೇಳುತ್ತದೆ. ನೆಲದಿಂದ ಎದ್ದು ಎರಡು-ಮೂರು ಅಡಿಗೆ ಅಲೆಯಂಥ ಅಂಚು ಕಟ್ಟಿ ನಿಂತರೆ ಅದು ಬುನಾದಿಯಿಂದ ಏರುವ ತೇವ. ಡಿಪಿಸಿ, ಅಂದರೆ ನೆಲದ ತೇವ ಮೇಲೇರದಂತೆ ಬುನಾದಿಯ ಮೇಲೆ ಹಾಕುವ ಪದರ, ಇಲ್ಲದ ಹಳೆ ಮನೆಗಳಲ್ಲಿ ಇದು ಸಾಮಾನ್ಯ. ಮೇಲಿನ ಮೂಲೆಯಲ್ಲಿ ದುಂಡು ಕಲೆಯಾದರೆ ತಾರಸಿ ನೋಡಿ. ಬಚ್ಚಲಿನ ಬೆನ್ನಿಗಿರುವ ಗೋಡೆಯಾದರೆ ಪೈಪು. ಪಡುವಣ ಗೋಡೆಯ ನಡುಭಾಗವಾದರೆ ಹೊರಗಿನ ಗಿಲಾವಿನ ಬಿರುಕಿನಿಂದ ಇರಚಲು ಹೊಡೆದಿರಬಹುದು.

ಅನುಮಾನವಿದ್ದರೆ ಬಣ್ಣ ಕೆರೆದ ಜಾಗಕ್ಕೆ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಬಿಗಿದು 24 ತಾಸು ಬಿಡಿ. ಹಾಳೆಯ ಒಳಮೈಗೆ ಬೆವರಿದಂತೆ ಹನಿ ಕಟ್ಟಿದರೆ ನೀರು ಗೋಡೆಯದು, ಹೊರಮೈಗೆ ಕಟ್ಟಿದರೆ ಕೋಣೆಯ ಗಾಳಿಯದು. ಒಳಗೆ ಹನಿ ಇರುವ ತನಕ ಯಾವ ಕಂಪನಿಯ ಯಾವ ಬಣ್ಣವೂ ನಿಲ್ಲುವುದಿಲ್ಲ.

ರಿಪೇರಿ ಹೀಗೆ. ಪೈಪು, ತಾರಸಿ, ಹೊರಗೋಡೆ, ಯಾವುದು ಕಾರಣವೋ ಅದನ್ನು ಮೊದಲು ಮುಗಿಸಿ. ಸಡಿಲವಾದದ್ದೆಲ್ಲ ಸ್ಕ್ರೇಪರಿನಿಂದ ತೆಗೆದು, ಉಪ್ಪನ್ನು ಒಣ ಬ್ರಶ್‌ನಿಂದ ಕೆಡವಿ ಗುಡಿಸಿಬಿಡಿ. ನೀರಿನಿಂದ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯನ್ನೇ ಸೇರುತ್ತದೆ. ಗಿಲಾವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸಪ್ಪಳ ಬಂದರೆ ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಒಡೆದು, ಇಟ್ಟಿಗೆ ಕಾಣುವಂತೆ ಮಾಡಿ, ಸಂದಿಗಳನ್ನು ಅರ್ಧ ಇಂಚು ಕೆತ್ತಿ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ತೊಳೆದ ಉಸುಕು ಸೇರಿಸಿ ಹೊಸ ಗಿಲಾವು ಹಾಕಿಸಿ. ವಾಟರ್‌ಪ್ರೂಫ್ ದ್ರಾವಣ ಸಾಮಾನ್ಯವಾಗಿ 50 ಕೆಜಿ ಸಿಮೆಂಟ್ ಚೀಲಕ್ಕೆ 200 ಮಿಲಿ. ಏಳು ದಿನ ನೀರುಣಿಸಿ, ಆಮೇಲೆ ಕಿಟಕಿ ತೆರೆದು ಕನಿಷ್ಠ ಮೂರು ವಾರ ಒಣಗಲು ಬಿಡಿ. ನಂತರವೇ ಪ್ರೈಮರ್. ಗದಗ ಕಡೆಯವರಿಗೆ ಇಲ್ಲೊಂದು ಮಾತು: ಸವಳು ಬೋರ್ ನೀರಿನಲ್ಲಿ ಗಿಲಾವು ಕಲಸಿ ಅದೇ ನೀರುಣಿಸಿದರೆ ಉಪ್ಪನ್ನು ನೀವೇ ಗೋಡೆಗೆ ತುಂಬಿದಂತೆ. ಈ ಕೆಲಸಕ್ಕಾದರೂ ಕುಡಿಯುವ ನೀರು ಬಳಸಿ.

ಒಳಗಡೆ ವಾಟರ್‌ಪ್ರೂಫ್ ಕೋಟ್ ಒಂದನ್ನೇ ಹೊಡೆದು ಬಿಡುವ ಸಲಹೆ ಅಂಗಡಿಗಳಲ್ಲಿ ಸಿಗುತ್ತದೆ. ಏರುವ ತೇವಕ್ಕೆ ಅದು ಮದ್ದಲ್ಲ. ಎರಡಡಿಗೆ ನಿಂತಿದ್ದ ನೀರು ಕೋಟಿನ ಮೇಲಂಚು ದಾಟಿ ಮೂರಡಿಗೆ ಏರುತ್ತದೆ. ಹೊರಗಡೆ ಗೋಡೆಯ ಬುಡಕ್ಕೆ ಹಾಕಿದ ಮಣ್ಣು, ಹೂವಿನ ಪಾತಿ ಸರಿಸಿ, ಮಳೆನೀರು ದೂರ ಹರಿಯುವಂತೆ ಮಾಡುವುದೇ ಅದಕ್ಕಿಂತ ಹೆಚ್ಚು ಉಪಯೋಗ.

ಪ್ರಶ್ನೆ: ಬಾಗಿಲ ಮೂಲಿಯಿಂದ ಬಿರುಕು ಬಿಟ್ಟೈತಿ. ಪ್ರತಿ ವರ್ಷ ಪುಟ್ಟಿ ತುಂಬ್ತೀವಿ, ಪ್ರತಿ ವರ್ಷ ಅಲ್ಲೇ ಬಾಯಿ ಬಿಡ್ತೈತಿ.
ಓದುಗರು, ಅಣ್ಣಿಗೇರಿ

ನಿಮ್ಮದು ಎರೆಭೂಮಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಮೇಲೆ ನಿಂತ ಬುನಾದಿ ಜೊತೆಗೇ ಅಲುಗುತ್ತದೆ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಏಳುವ ಬಿರುಕಿಗೆ ಹೆಚ್ಚಾಗಿ ಇದೇ ಮೂಲ. ಬಿಳಿ ಸಿಮೆಂಟ್ ಪುಟ್ಟಿ ಒಣಗಿದ ಮೇಲೆ ಕಲ್ಲು, ಅದಕ್ಕೆ ಹಿಗ್ಗಲು ಬರುವುದಿಲ್ಲ. ಅಲುಗುವ ಬಿರುಕಿಗೆ ಅದನ್ನು ತುಂಬಿದರೆ ಮರುವರ್ಷ ಒಡೆಯಲೇಬೇಕು.

ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಅಗಲವನ್ನು ಸ್ಕೇಲಿನಿಂದ ಅಳೆದು ಪಕ್ಕದಲ್ಲೇ ಬರೆದಿಡಿ. ಕೆಲವು ಬಿರುಕು ಮೇ ತಿಂಗಳಲ್ಲಿ ಬಾಯಿ ತೆರೆಯುತ್ತವೆ, ಕೆಲವು ಮಳೆಗಾಲದಲ್ಲಿ. ಒಂದು ಬೇಸಿಗೆ, ಒಂದು ಮಳೆಗಾಲ ನೋಡಿದರೆ ನಿಮ್ಮದು ಹೋಗಿ ಬರುವ ಬಿರುಕೋ, ಬೆಳೆಯುತ್ತಲೇ ಇರುವುದೋ ತಿಳಿಯುತ್ತದೆ. ಅಗಲ 5 ಮಿಲಿಮೀಟರ್ ದಾಟಿದ್ದರೆ, ಬಿರುಕಿನ ಒಂದು ಕಡೆ ಇನ್ನೊಂದಕ್ಕಿಂತ ಮುಂದೆ ಬಂದಿದ್ದರೆ, ಬಾಗಿಲು ಚೌಕಟ್ಟಿಗೆ ಹಿಡಿಯುತ್ತಿದ್ದರೆ ಪೇಂಟರನ್ನು ಬಿಟ್ಟು ಸಿವಿಲ್ ಇಂಜಿನಿಯರನ್ನು ಕರೆಸಿ.

ಸಣ್ಣದಾದರೆ ಸ್ಕ್ರೇಪರಿನ ಮೂಲೆಯಿಂದ ಬಿರುಕನ್ನು ಇಂಗ್ಲಿಷ್ 'ವಿ' ಆಕಾರದಲ್ಲಿ 5-6 ಮಿಮೀ ಆಳ ಕೆತ್ತಿ. ಮೇಲೆ ಮೇಲೆ ಸವರಿದ ಯಾವುದೂ ನಿಲ್ಲುವುದಿಲ್ಲ. ಧೂಳು ಬ್ರಶ್‌ನಿಂದ ತೆಗೆದು, ಒಳಗೆ ಪ್ರೈಮರ್ ಮುಟ್ಟಿಸಿ, ಹಿಗ್ಗುವ ಗುಣದ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ಒತ್ತಿ ತುಂಬಿ. ಒಣಗಿದಾಗ ಅದು ಸ್ವಲ್ಪ ತಗ್ಗುತ್ತದೆ, ಮರುದಿನ ಇನ್ನೊಮ್ಮೆ ತುಂಬಿ. ಮೇಲೆ 2 ಇಂಚು ಅಗಲದ ಫೈಬರ್ ಜಾಳಿಗೆ ಟೇಪ್ ಅಂಟಿಸಿ, ಅದರ ಮೇಲೆ ತೆಳುವಾಗಿ ಪುಟ್ಟಿಯನ್ನು ಅಕ್ಕಪಕ್ಕ ಆರು ಇಂಚು ಹರಡಿ ಎಳೆಯಿರಿ. ಹರಡದಿದ್ದರೆ ಟೇಪಿನ ಉಬ್ಬು ಅಡ್ಡ ಬೆಳಕಿಗೆ ಎದ್ದು ಕಾಣುತ್ತದೆ. ಪುಟ್ಟಿ ಒಂದು ಕೆಜಿ ಪುಡಿಗೆ 350ರಿಂದ 400 ಮಿಲಿ ನೀರು, ಕಲಸಿ ಹತ್ತು ನಿಮಿಷ ಬಿಟ್ಟು ಮತ್ತೆ ಕಲಸಿ. ಎರಡೂವರೆ ತಾಸಿನೊಳಗೆ ಮುಗಿಯುವಷ್ಟೇ ಕಲಸಿ, ಗಟ್ಟಿಯಾದದ್ದಕ್ಕೆ ಮತ್ತೆ ನೀರು ಹಾಕಿ ಎಳೆದರೆ ಅದು ಪುಡಿಯಾಗುತ್ತದೆ.

ಪ್ರಶ್ನೆ: ಮೊಳಿ ತೂತು ಮುಚ್ಚಿ ಉಳಿದಿದ್ದ ಅದೇ ಬಣ್ಣ ಹಚ್ಚಿದ್ರೂ ತ್ಯಾಪಿ ಹಾಕಿದಂಗ ಕಾಣ್ತೈತಿ. ಡಬ್ಬಿ ಬದಲಾಗಿಲ್ಲ.
ಓದುಗರು, ಬೆಟಗೇರಿ

ಡಬ್ಬಿ ಅದೇ, ಗೋಡೆ ಬೇರೆ. ತೂತು ಮುಚ್ಚಿದ ಪುಟ್ಟಿ ಬಣ್ಣದಲ್ಲಿನ ನೀರನ್ನು ಬೇಗ ಹೀರಿಕೊಳ್ಳುತ್ತದೆ, ಅಲ್ಲಿ ಹೊಳಪು ಸತ್ತು ಮಂಕಾಗುತ್ತದೆ. ಎರಡನೆಯದು, ಗೋಡೆಗೆ ರೋಲರ್, ತ್ಯಾಪೆಗೆ ಬ್ರಶ್ ಎಂದಾದರೆ ಮೈಯ ಕಾಳೇ ಬೇರೆಯಾಗುತ್ತದೆ. ಮೂರನೆಯದು, ಬಿಸಿಲು, ಹೊಗೆ, ಧೂಳು ತಿಂದ ಬಣ್ಣ ವರ್ಷ ಎರಡು ವರ್ಷದಲ್ಲಿ ತುಸು ಬದಲಾಗಿರುತ್ತದೆ. ಮೊದಲ ಎರಡನ್ನು ಸರಿಪಡಿಸಬಹುದು: ಪುಟ್ಟಿಯನ್ನು ತೂತಿನಷ್ಟಕ್ಕೇ ಇಟ್ಟು, 220ರಿಂದ ಸಮ ಮಾಡಿ, ಪ್ರೈಮರ್ ಮುಟ್ಟಿಸಿ, 4 ಇಂಚಿನ ಸಣ್ಣ ರೋಲರಿನಿಂದ ತೆಳುವಾಗಿ ಹಚ್ಚಿ, ಅಂಚಿಗೆ ಬರುವಾಗ ಕೈ ಹಗುರ ಮಾಡಿ. ಮೂರನೆಯದಕ್ಕೆ ಮದ್ದಿಲ್ಲ. ಮ್ಯಾಟ್ ಬಣ್ಣವಾದರೆ ಹೇಗೋ ಹೊಂದಿಕೊಳ್ಳುತ್ತದೆ. ಸ್ಯಾಟಿನ್ ಹೊಳಪಿನದಾದರೆ ತ್ಯಾಪೆ ಬಿಟ್ಟು ಆ ಒಂದು ಗೋಡೆಯನ್ನು ಪೂರ್ತಿ ಹೊಡೆದುಬಿಡಿ. ಮೂಲೆಯಲ್ಲಿ ಬೆಳಕು ತಿರುಗುವುದರಿಂದ ಪಕ್ಕದ ಗೋಡೆಯ ಜೊತೆಗಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ನಮ್ಮದು ಮಣ್ಣಿನ ಗ್ವಾಡಿ ಹಳೆ ಮಾಳಗಿ ಮನಿ. ಸುಣ್ಣದ ಮ್ಯಾಲೆ ಪುಟ್ಟಿ ಮಾಡ್ಸಿ ಎಮಲ್ಷನ್ ಹಚ್ಚಿದ್ರ ಹಪ್ಪಳದಂಗ ಬಿಚ್ಚಿ ಬೀಳಾಕತ್ತೈತಿ.
ಓದುಗರು, ಹಾವೇರಿ ತಾಲ್ಲೂಕು

ಬಿದ್ದ ಹಪ್ಪಳವೊಂದನ್ನು ತಿರುವಿ ಹಾಕಿ ನೋಡಿ. ಹಿಂಬದಿಗೆ ಸುಣ್ಣದ ಪುಡಿ ಮೆತ್ತಿಕೊಂಡಿದ್ದರೆ ಪುಟ್ಟಿ ಹಿಡಿದದ್ದು ಗೋಡೆಯನ್ನಲ್ಲ, ವರ್ಷವರ್ಷಕ್ಕೆ ಬಳಿದ ಸುಣ್ಣದ ಪದರವನ್ನು. ಆ ಪದರಕ್ಕೆ ಅಷ್ಟು ಭಾರ ಹೊರುವ ತ್ರಾಣವಿಲ್ಲ. ಹಿಂಬದಿಗೆ ಮಣ್ಣೇ ಬಂದಿದ್ದರೆ ಕಾರಣ ಬೇರೆ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಕುಡಿದು ಬೇಸಿಗೆಯಲ್ಲಿ ಬಿಡುತ್ತದೆ. ಸಿಮೆಂಟ್ ಪುಟ್ಟಿ, ಎಮಲ್ಷನ್ ಎರಡೂ ಸೇರಿ ಆ ಬಿಡುವ ಹಾದಿಯನ್ನು ಕಟ್ಟಿಹಾಕಿವೆ.

ಮಣ್ಣಿನ ಗೋಡೆಗೆ ನಮ್ಮ ಸಲಹೆ ನೇರವಾದದ್ದು: ಪುಟ್ಟಿ, ಎಮಲ್ಷನ್ ಪೂರ್ತಿ ತೆಗೆಸಿ, ತಗ್ಗು ಬಿದ್ದ ಕಡೆ ಮಣ್ಣು-ಸುಣ್ಣದಿಂದಲೇ ಮೆತ್ತಿ, ಮತ್ತೆ ಸುಣ್ಣಕ್ಕೆ ಹೋಗಿ. ಅದು ಬಡತನದ ಬಣ್ಣವಲ್ಲ, ಆ ಗೋಡೆಗೆ ಹೊಂದುವ ಬಣ್ಣ. ಒಂದು ಕೆಜಿ ಸುಟ್ಟ ಸುಣ್ಣದ ಹರಳಿಗೆ ಸುಮಾರು 5 ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲಿ ನೀರು ಮೊದಲು ಹಾಕಿ, ಹರಳನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಕುದ್ದು ಸಿಡಿಯುತ್ತದೆ, ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಕನ್ನಡಕ ಇರಲಿ, ಪ್ಲಾಸ್ಟಿಕ್ ಬಕೆಟ್ ಬೇಡ. 24 ತಾಸು ಬಿಟ್ಟು ಒರಟು ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಗೋಂದು ಸ್ವಲ್ಪ ಸೇರಿಸಿ. ಅದಿದ್ದರೆ ಒರಗಿದವರ ಬೆನ್ನಿಗೆ ಸುಣ್ಣ ಹತ್ತುವುದು ಕಡಿಮೆಯಾಗುತ್ತದೆ. ಗೋಡೆಗೆ ನೀರು ಚಿಮುಕಿಸಿ ತೆಳುವಾಗಿ ಎರಡು-ಮೂರು ಸಲ ಬಳಿಯಿರಿ, ಒಂದೇ ಸಲ ದಪ್ಪ ಬಳಿದರೆ ಉದುರುತ್ತದೆ.

ಇಟ್ಟಿಗೆ-ಸಿಮೆಂಟಿನ ಗೋಡೆಯ ಮೇಲೆ ಹಳೆ ಸುಣ್ಣ ಅಥವಾ ಡಿಸ್ಟೆಂಪರ್ ಇದ್ದವರಿಗೆ ಈ ಮಾತು ಅನ್ವಯಿಸದು. ನೀವು ಒದ್ದೆ ಮಾಡಿ ಕೆರೆದು, ಕರಿ ಬಟ್ಟೆಯಿಂದ ಉಜ್ಜಿದರೆ ಬಿಳಿ ಹತ್ತದಷ್ಟು ತೊಳೆದು, ಒಣಗಿಸಿ, ಪ್ರೈಮರ್ ಹಚ್ಚಿ ಪುಟ್ಟಿಗೆ ಹೋಗಬಹುದು.

ಪ್ರಶ್ನೆ: ಅಡಗಿ ಮನ್ಯಾಗ ಒಗ್ಗರಣಿ ಹೊಗಿ ಕಲಿ ಇತ್ತು. ಮ್ಯಾಲೆ ಎರಡು ಕೋಟ್ ಬಿಳೆ ಹೊಡದ್ರೂ ಹಳದಿ ಹೊರಗ ಬರ್ತೈತಿ.
ಓದುಗರು, ರಾಣೆಬೆನ್ನೂರು

ಮೂರನೆಯದು ಹೊಡೆದರೂ ಬರುತ್ತದೆ. ಎಮಲ್ಷನ್ನಿನ ನೀರು ಜಿಡ್ಡು, ಹೊಗೆಯ ಕಲೆಯನ್ನು ಕರಗಿಸಿ ಮೇಲೆ ಎಳೆದುಕೊಳ್ಳುತ್ತದೆ. ಬೆಚ್ಚನೆ ನೀರಿನಲ್ಲಿ ತೊಳೆಯುವ ಸೋಡಾ ಕರಗಿಸಿ, ಕೈಗವಸು ಹಾಕಿ, ಸ್ಪಂಜಿನಿಂದ ಕೆಳಗಿಂದ ಮೇಲಕ್ಕೆ ಉಜ್ಜಿ. ಮೇಲಿಂದ ಶುರುಮಾಡಿದರೆ ಇಳಿದ ಹನಿ ಒಣ ಜಿಡ್ಡಿನ ಮೇಲೆ ಗೆರೆ ಕೊರೆದು ಕೂರುತ್ತದೆ. ಶುದ್ಧ ನೀರಿನಿಂದ ಎರಡು ಸಲ ಒರೆಸಿ ಒಣಗಿಸಿದ ಮೇಲೆ ಥಿನ್ನರಿನಲ್ಲಿ ತೆಳುವಾಗುವ ಬಗೆಯ ಪ್ರೈಮರ್ ಒಂದು ಕೋಟ್, ಮರುದಿನ ಎಮಲ್ಷನ್. ನೀರಿನ ಪ್ರೈಮರಿಗೆ ಈ ಕಲೆ ನಿಲ್ಲುವುದಿಲ್ಲ. ಥಿನ್ನರ್ ಕೆಲಸ ಮಾಡುವಾಗ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ ಹೊರಗಿಡಿ, ಕಿಟಕಿ ತೆರೆದಿಡಿ. ಸೋರಿದ ತಾರಸಿಯ ಕಂದು ಕಲೆಗೂ ಇದೇ ಪ್ರೈಮರ್, ಸೋರುವುದು ನಿಂತ ಮೇಲೆ.

ಪ್ರಶ್ನೆ: ಪಡಸಾಲಿ ಗ್ವಾಡಿಗೆ ಕೆಳಗ ನಾಕು ಅಡಿ ಹಳೆ ಆಯಿಲ್ ಪೇಂಟ್ ಐತಿ. ಅದರ ಮ್ಯಾಲೆ ಎಮಲ್ಷನ್ ಹಚ್ಚೇವಿ, ಉಗುರು ತಾಗಿದ್ರ ಸಿಪ್ಪಿಹಂಗ ಸುಲೀತೈತಿ.
ಓದುಗರು, ಕುಂದಗೋಳ

ನುಣುಪು ಮೈಗೆ ಎಮಲ್ಷನ್ ಹಿಡಿಯುವುದಿಲ್ಲ. ಸುಲಿಯುವುದನ್ನು ಸುಲಿದು ತೆಗೆಯಿರಿ, ಈಗ ಅದೇ ಅನುಕೂಲ. ಆಯಿಲ್ ಪೇಂಟಿನ ಹೊಳಪು ಪೂರ್ತಿ ಸಾಯುವ ತನಕ 180 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ತಿಕ್ಕಿ. ಒಣದಾಗಿ ತಿಕ್ಕಬೇಡಿ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ಕೇಂದ್ರದ ನಿಯಮ 2016ರದ್ದು, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಹೆಚ್ಚಿರಬಹುದು, ಆ ಧೂಳು ಸಣ್ಣ ಮಕ್ಕಳಿಗೆ ತೀರಾ ಕೆಟ್ಟದ್ದು. ಒಣ ಕಸಬರಿಗೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಎಸೆದುಬಿಡಿ. ಬಸುರಿಯರು, ಮಕ್ಕಳು ಆ ದಿನ ಬೇರೆ ಕಡೆ ಇರಲಿ. ಒಣಗಿದ ಮೇಲೆ ಥಿನ್ನರಿನ ಪ್ರೈಮರ್ ಹಚ್ಚಿ ಒಂದು ದಿನ ಬಿಡಿ. ಅದರ ಮೇಲೆ ಬ್ಲೇಡಿನಿಂದ ಸಣ್ಣ ಚೌಕುಳಿ ಗೀರಿ, ಟೇಪ್ ಅಂಟಿಸಿ ಸರಕ್ಕನೆ ಎಳೆಯಿರಿ. ಟೇಪಿಗೆ ಏನೂ ಬರದಿದ್ದರೆ ಮುಂದಿನ ಕೋಟಿಗೆ ಹೋಗಿ.

ಪ್ರಶ್ನೆ: ಕಪಾಟಿನ ಹಿಂದ ಗ್ವಾಡಿಗೆ ಕರೆ ಚುಕ್ಕಿ ಎದ್ದಾವ. ಬಣ್ಣ ಹಚ್ಚಿದ್ರೂ ಮತ್ತ ಬರ್ತಾವ.
ಓದುಗರು, ಕಲಘಟಗಿ

ಬೂಷ್ಟು. ಕೊಲ್ಲದೆ ಬಣ್ಣ ಮುಚ್ಚಿದ್ದೀರಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಬಳಕೆಯ ಬ್ಲೀಚ್ ದ್ರಾವಣ ಒಂದು ಪಾಲಿಗೆ ನೀರು ಮೂರು ಪಾಲು ಸೇರಿಸಿ ಹಚ್ಚಿ, 15 ನಿಮಿಷ ಬಿಟ್ಟು ತೊಳೆದು ಪೂರ್ತಿ ಒಣಗಿಸಿ. ಬಚ್ಚಲು ತೊಳೆಯುವ ಆ್ಯಸಿಡ್ ಅದಕ್ಕೆ ಸೇರಿಸಿದರೆ ವಿಷದ ಗಾಳಿ ಏಳುತ್ತದೆ, ಅಪ್ಪಿತಪ್ಪಿಯೂ ಬೇಡ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಇಡಿ, ಗಾಳಿಯಾಡಲಿ.

ಪ್ರಶ್ನೆ: ಎರಡನೇ ಡಬ್ಬಿ ತಂದ್ವಿ, ಅದೇ ನಂಬರ್ ಇದ್ರೂ ಬಣ್ಣ ಸ್ವಲ್ಪ ಗಾಢ ಬಂದೈತಿ. ಅರ್ಧ ಗ್ವಾಡಿ ಆಗಿಹೋಗೈತಿ.
ಓದುಗರು, ನವನಗರ, ಹುಬ್ಬಳ್ಳಿ

ಮೊದಲು ಎರಡೂ ಒಂದೇ ಸಮ ಒಣಗಿವೆಯೇ ನೋಡಿ. ಎಮಲ್ಷನ್ ಹಸಿಯಿದ್ದಾಗ ತಿಳಿಯಾಗಿ ಕಂಡು ಒಣಗಿದಾಗ ಗಾಢವಾಗುತ್ತದೆ. ಆಮೇಲೂ ವ್ಯತ್ಯಾಸವಿದ್ದರೆ ಎರಡೂ ಡಬ್ಬಿಯ ಚೀಟಿ ಹೋಲಿಸಿ: ಶೇಡ್ ನಂಬರ್ ಅಷ್ಟೇ ಅಲ್ಲ, ಬಣ್ಣದ ಹೆಸರು, ಬೇಸ್ (ಅಂಗಡಿಯಲ್ಲಿ ಶೇಡ್ ಬೆರೆಸುವ ಮೂಲ ಬಣ್ಣ), ಹೊಳಪಿನ ಬಗೆ ಎಲ್ಲ ಒಂದೇ ಇರಬೇಕು. ಬೇಸ್ ಬೇರೆಯಾಗಿದ್ದರೆ ಅಂಗಡಿಯವರದೇ ತಪ್ಪು, ಚೀಟಿ ಸಮೇತ ಹೋಗಿ ಬದಲಿಸಿಕೊಳ್ಳಿ. ಎಲ್ಲ ಒಂದೇ ಇದ್ದೂ ತುಸು ಬದಲಾದರೆ ಉಳಿದ ಹಳೆಯದನ್ನೂ ಹೊಸದನ್ನೂ ದೊಡ್ಡ ಬಕೆಟ್ಟಿನಲ್ಲಿ ಕೂಡಿಸಿ, ತಳದಿಂದ ಐದು ನಿಮಿಷ ಕಲಕಿ, ಆ ಗೋಡೆಗೆ ಮೂಲೆಯಿಂದ ಮೂಲೆಗೆ ಒಂದು ಕೋಟ್ ಹೊಡೆಯಿರಿ. ಉಳಿದ ಬಣ್ಣವನ್ನು ಸಣ್ಣ ಡಬ್ಬಿಗೆ ಕಂಠದ ತನಕ ತುಂಬಿ, ಮುಚ್ಚಳ ಬಿಗಿದು, ಚೀಟಿಯನ್ನು ಅದರ ಮೇಲೆಯೇ ಅಂಟಿಸಿ ನೆರಳಿನಲ್ಲಿಡಿ.